ಯೂತ್ ಆರ್ಕೆಸ್ಟ್ರಾ ಆಡಿಷನ್: ಎದುರು ಕೂತವರು ಏನನ್ನು ಕೇಳಿಸಿಕೊಳ್ಳುತ್ತಾರೆ?

ಯೂತ್ ಆರ್ಕೆಸ್ಟ್ರಾಗೆ ಮಕ್ಕಳನ್ನು ಆರಿಸುವ ಪರೀಕ್ಷೆ, ಅಂದರೆ ಆಡಿಷನ್, ಅದರ ತಾರೀಕು ಗೊತ್ತಾದ ಕೂಡಲೇ ಬೆಂಗಳೂರಿನ ವಯಲಿನ್ ಕ್ಲಾಸುಗಳಲ್ಲಿ ಏಳುವ ಮೊದಲ ಪ್ರಶ್ನೆ, 'ಮಿಸ್, ಯಾವ ಪೀಸ್ ನುಡಿಸಲಿ?' ಅಪ್ಪ ಅಮ್ಮಂದಿರದ್ದು ಇನ್ನೊಂದು: 'ಪಕ್ಕದ ಮನೆ ಹುಡುಗಿ ಏಳನೇ ಗ್ರೇಡ್ ಮುಗಿಸಿದ್ದಾಳೆ, ನಮ್ಮವನು ಇನ್ನೂ ಐದು, ಸಿಗುತ್ತಾ?' ಕೇಳಬಾರದ ಪ್ರಶ್ನೆಗಳೇನಲ್ಲ. ಆದರೆ ಎರಡೂ ಅಷ್ಟು ಮುಖ್ಯವಲ್ಲ. ಎದುರು ಕೂತವರಿಗೆ ಊರಿನಲ್ಲೇ ಅತಿ ಜೋರಾದ ಸೋಲೊ ವಾದಕ ಬೇಕಾಗಿಲ್ಲ. ಅರವತ್ತು ಎಪ್ಪತ್ತು ಜನರ ನಡುವೆ ಕೂತು, ಪಕ್ಕದವರನ್ನು ಕೇಳಿಸಿಕೊಂಡು, ಕಂಡಕ್ಟರ್ ಕೈ ನೋಡುತ್ತಾ, ಲಯ ಬಿಡದೆ ನುಡಿಸುವ ಮಗು ಬೇಕು. ಇದೊಂದು ಗೊತ್ತಿದ್ದರೆ ತಯಾರಿಯ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಬಗ್ಗೆ ಇದು ಅಲ್ಲ. (ಅದರ ಮಜವೇ ಬೇರೆ.) ಇದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ, ಶಾಲೆ ಕಾಲೇಜು ವಯಸ್ಸಿನವರದ್ದು. ಬ್ರಿಟನ್ನಿನ ರಾಷ್ಟ್ರೀಯ ಯೂತ್ ಆರ್ಕೆಸ್ಟ್ರಾ 1948ರಲ್ಲಿ ಶುರುವಾಯಿತು, ಯುರೋಪಿನವರದ್ದು 1976ರಲ್ಲಿ. ನಮ್ಮ ಕಡೆಗೂ ಈ ಸಂಗೀತ ನಿನ್ನೆ ಮೊನ್ನೆ ಬಂದದ್ದಲ್ಲ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಮೈಸೂರಿನ ಜಯಚಾಮರಾಜ ಒಡೆಯರ್. ಬೆಂಗಳೂರಿನಲ್ಲಿ ಬ್ಯಾಂಗಲೂರ್ ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಇದೆ. ಕಲಿಸುವವರಿಗೆ ಕೊರತೆ ಇಲ್ಲ. ಆಡಿಷನ್ ಕೋಣೆಯೊಳಗೆ ಏನು ನಡೆಯುತ್ತದೆ ಅಂತ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಅದಕ್ಕೇ ಈ ಬರಹ.

ಗ್ರೇಡ್ ಪರೀಕ್ಷೆಯ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಬೇಕು. ಎಬಿಆರ್‌ಎಸ್‌ಎಂ ಅನ್ನುವ ಬ್ರಿಟಿಷ್ ಸಂಗೀತ ಮಂಡಳಿಯ ಪರೀಕ್ಷೆಯಲ್ಲಿ 150ಕ್ಕೆ 100 ಬಂದರೆ ಪಾಸ್. ಎಲ್ಲರೂ ಚೆನ್ನಾಗಿ ನುಡಿಸಿದರೆ ಎಲ್ಲರೂ ಪಾಸ್. ಆಡಿಷನ್‌ನಲ್ಲಿ ಲೆಕ್ಕ ಕುರ್ಚಿಗಳದ್ದು. ಬೀಥೋವನ್‌ನ ಐದನೇ ಸಿಂಫನಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಫ್ಲೂಟ್ ಎರಡು ಸಾಕು, ಓಬೊ ಎರಡು, ಕ್ಲಾರಿನೆಟ್ ಎರಡು, ಬಸೂನ್ ಎರಡು, ಹಾರ್ನ್ ಎರಡು, ಟ್ರಂಪೆಟ್ ಎರಡು. ಟ್ರೊಂಬೋನ್ ಮೂರು ಬೇಕು, ಅವರೂ ಕೊನೇ ಮೂವ್‌ಮೆಂಟ್ (ಕೃತಿಯ ಭಾಗ) ಬರುವ ತನಕ ಸುಮ್ನೆ ಕೂತಿರಬೇಕು. ಪಿಯಾನೊ ಇಲ್ಲವೇ ಇಲ್ಲ. ನಮ್ಮ ಊರಿನಲ್ಲಿ ಪಿಯಾನೊ, ಕೀಬೋರ್ಡ್, ಗಿಟಾರ್ ಕಲಿಯುವ ಮಕ್ಕಳೇ ಜಾಸ್ತಿ, ವಿಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡದು), ಬಸೂನ್, ಹಾರ್ನ್ ಹಿಡಿದವರು ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಒಳ್ಳೆಯ ಫ್ಲೂಟ್ ಹುಡುಗಿಗೆ ಸೀಟು ಸಿಗದೇ, ಸಾಧಾರಣ ವಿಯೋಲಾ ಹುಡುಗನಿಗೆ ಸಿಕ್ಕರೆ ಅದು ಅನ್ಯಾಯ ಅಂತ ಜಗಳಕ್ಕೆ ನಿಲ್ಲಬೇಡಿ. ಇನ್ನೊಂದು ಮಾತು. ವಯಲಿನ್ ಚೆನ್ನಾಗಿ ಬರುವ, ಸ್ವಲ್ಪ ಉದ್ದ ಕೈಯಿನ ಮಕ್ಕಳಿಗೆ ಟೀಚರ್ ವಿಯೋಲಾ ಕಲಿ ಅಂದರೆ ಮನೆಯವರ ಮುಖ ಸಪ್ಪೆಯಾಗುತ್ತದೆ. ಯಾಕೋ ಗೊತ್ತಿಲ್ಲ. ಹೊಸದಾಗಿ ಒಂದು ಕ್ಲೆಫ್, ಅಂದರೆ ಯಾವ ಗೆರೆಯಲ್ಲಿ ಯಾವ ಸ್ವರ ಅಂತ ಹೇಳುವ ಗುರುತು, ಓದುವುದು ಕಲಿಯಬೇಕು, ಬೋ (ಕಮಾನು) ಸ್ವಲ್ಪ ಭಾರ, ಅಷ್ಟೇ. ಆರ್ಕೆಸ್ಟ್ರಾದ ಹೊಟ್ಟೆಯೊಳಗೆ ಕೂತು ಎಲ್ಲವನ್ನೂ ಕೇಳುವ ಸುಖ ಅವರದ್ದು.

ಕೋಣೆಯೊಳಗೆ ಸಾಮಾನ್ಯವಾಗಿ ನಾಲ್ಕು ವಿಷಯ ನಡೆಯುತ್ತವೆ: ಸ್ಕೇಲ್, ಒಂದು ಸೋಲೊ ಪೀಸ್, ಎಕ್ಸರ್ಪ್ಟ್ ಅಂದರೆ ಆರ್ಕೆಸ್ಟ್ರಾ ಕೃತಿಗಳಿಂದ ಆಯ್ದ ತುಣುಕುಗಳು, ಆಮೇಲೆ ಸೈಟ್ ರೀಡಿಂಗ್, ಅಂದರೆ ಮೊದಲು ನೋಡಿರದ ನೋಟ್ಸನ್ನು ಅಲ್ಲೇ ಓದಿ ನುಡಿಸುವುದು. ಹೆಚ್ಚಿನ ಮಕ್ಕಳು ಸೋಲೊಗೆ ಬಹುಪಾಲು ಸಮಯ ಕೊಟ್ಟು, ಎಕ್ಸರ್ಪ್ಟ್‌ಗಳನ್ನು ಕೊನೇ ವಾರಕ್ಕೆ ಬಿಡುತ್ತಾರೆ. ಸೈಟ್ ರೀಡಿಂಗ್ ದೇವರ ಮೇಲೆ. ಎದುರು ಕೂತವರ ಕಿವಿ ಕೆಲಸ ಮಾಡುವುದು ಬಹುಮಟ್ಟಿಗೆ ಇದರ ಉಲ್ಟಾ ಕ್ರಮದಲ್ಲಿ.

ಯಾಕೆ ಅಂತ ನೋಡೋಣ. ಸೋಲೊ ನುಡಿಸುವಾಗ ಒಂದು ಕಷ್ಟದ ಜಾಗ ಬಂದರೆ ನೀವು ಸ್ವಲ್ಪ ನಿಧಾನ ಮಾಡಬಹುದು, ಜೊತೆಗಿರುವ ಪಿಯಾನೊದವರು ಕಾಯುತ್ತಾರೆ. ಆರ್ಕೆಸ್ಟ್ರಾ ಕಾಯುವುದಿಲ್ಲ. ಅದು ಹೊರಟ ರೈಲು, ಬಿಟ್ಟರೆ ಬಿಟ್ಟಿತು. ಒಂದು ತಪ್ಪು ಸ್ವರ ನುಡಿಸಿ ಮುಂದೆ ಹೋದರೆ ಹತ್ತು ವಯಲಿನ್‌ಗಳ ನಡುವೆ ಅದು ಮುಳುಗಿಹೋಗುತ್ತದೆ, ಆದರೆ ಆ ಸ್ವರವನ್ನು ಸರಿ ಮಾಡಲು ನಿಂತು ವಾಪಸ್ ಹೋದರೆ ನೀವು ಅರ್ಧ ಬೀಟ್ ಹಿಂದೆ, ಪಕ್ಕದ ಹುಡುಗಿಗೆ ಗಲಿಬಿಲಿ, ಅವಳ ಹಿಂದಿನ ಸಾಲಿಗೂ ಗಲಿಬಿಲಿ. ಶ್ರುತಿ ತಾಯಿ, ಲಯ ತಂದೆ ಅಂತ ನಮ್ಮ ಮೇಷ್ಟ್ರುಗಳು ಹೇಳುತ್ತಾರಲ್ಲ, ಆಡಿಷನ್‌ನಲ್ಲಿ ಮೊದಲು ವಿಚಾರಿಸುವುದು ತಂದೆಯನ್ನೇ. ಮೊದಲ ನಾಲ್ಕು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಒಳಗೆ ನಿಮ್ಮ ಬೀಟ್ ಗಟ್ಟಿಯೋ ಸಡಿಲವೋ ಎಂಬುದು ಗೊತ್ತಾಗಿಬಿಡುತ್ತದೆ. ತಪ್ಪಾದ ಮೇಲೆ ಮುಖ ಕಿವುಚುವುದು, ನಾಲಿಗೆ ಕಚ್ಚುವುದು, ಸಾರಿ ಅನ್ನುವುದು, ಇವೆಲ್ಲ ಇನ್ನೂ ನಾಲ್ಕು ಬಾರ್ ಕೆಡಿಸುತ್ತವೆ. ನಿಲ್ಲದೆ ನುಡಿಸುವುದಕ್ಕೂ ಅಭ್ಯಾಸ ಬೇಕು. ದಿನಾ ಒಂದು ಸಲವಾದರೂ, ಏನೇ ಆದರೂ ನಿಲ್ಲಿಸುವುದಿಲ್ಲ ಅಂತ ತೀರ್ಮಾನ ಮಾಡಿ ಮೊದಲಿನಿಂದ ಕೊನೆಯವರೆಗೆ ನುಡಿಸಿ. ತಿದ್ದುವುದು ಆಮೇಲೆ.

ಈಗ ಎಕ್ಸರ್ಪ್ಟ್‌ಗೆ ಬರೋಣ. ನನ್ನ ಪ್ರಕಾರ ಮಜಾ ಇರುವುದು ಇಲ್ಲೇ.

ಎರಡು ಮೂರು ಸಾಲಿನ ತುಣುಕು ಕೊಟ್ಟಿರುತ್ತಾರೆ, ನೋಡಿದರೆ 'ಇಷ್ಟೇನಾ' ಅನ್ನಿಸುತ್ತದೆ. ಅದನ್ನು ಸುಮ್ಮನೆ ಆರಿಸಿರುವುದಿಲ್ಲ. ಪ್ರತಿ ತುಣುಕಿನ ಒಳಗೂ ಒಂದು ಪರೀಕ್ಷೆ ಇರುತ್ತದೆ. ಮತ್ತೆ ಬೀಥೋವನ್‌ನ ಐದನೆಯದಕ್ಕೇ ಹೋಗೋಣ, 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ ಕೃತಿ ಅದು. ಎರಡನೇ ಮೂವ್‌ಮೆಂಟ್‌ನ ಶುರುವನ್ನು ವಿಯೋಲಾ, ಚೆಲ್ಲೊ ಮಕ್ಕಳಿಗೆ ಕೊಡುತ್ತಾರೆ. ಎ ಫ್ಲಾಟ್ ಮೇಜರ್, ನಾಲ್ಕು ಫ್ಲಾಟ್. ವಿಯೋಲಾ ಚೆಲ್ಲೊ ಎರಡೂ ಒಂದೇ ರಾಗವನ್ನು ಒಟ್ಟಿಗೆ ನುಡಿಸುತ್ತವೆ, ಕೆಳಗೆ ಡಬಲ್ ಬಾಸ್‌ಗಳು ಬೆರಳಲ್ಲಿ ತಂತಿ ಮೀಟುತ್ತಿರುತ್ತವೆ. ಪರೀಕ್ಷೆ ಎಲ್ಲಿದೆ? ಒಂದು, ಚುಕ್ಕಿ ಇಟ್ಟ ಸ್ವರಗಳಲ್ಲಿ. ಮೂರು ಪಾಲು ಉದ್ದದ್ದು, ಒಂದು ಪಾಲು ಚಿಕ್ಕದ್ದು. ಸ್ವಲ್ಪ ಸೋಮಾರಿಯಾದರೆ ಅದು ಎರಡಕ್ಕೊಂದಾಗುತ್ತದೆ, ತೂಗುಯ್ಯಾಲೆಯಾಡಿದ ಹಾಗೆ ಕೇಳಿಸುತ್ತದೆ, ಬೀಥೋವನ್ ಮಾಯ. ಎರಡು, ವೇಗದಲ್ಲಿ. ರಾಗ ಇಂಪಾಗಿದೆ ಅಂತ ಮಕ್ಕಳು ಎಳೆಯುತ್ತಾರೆ, ಬೀಥೋವನ್ ಕೊಟ್ಟಿರುವ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಬೀಟ್ ಕೊಡುವ ಯಂತ್ರ) ಗುರುತು ಕ್ವೇವರ್‌ಗೆ 92, ಅಂದರೆ ಇಲ್ಲಿ ನಿಮಿಷಕ್ಕೆ 92 ಬೀಟ್, ಅದು ನಡೆಯುವ ವೇಗ. ಎಲ್ಲ ಕಂಡಕ್ಟರ್‌ಗಳೂ ಅಷ್ಟು ಬೇಗ ಹೋಗುವುದಿಲ್ಲ, ಆದರೆ ನಿದ್ದೆ ಬರಿಸುವ ಹಾಗೆ ಯಾರೂ ನುಡಿಸುವುದಿಲ್ಲ. ಮೂರು, ಮೃದುವಾಗಿ ಅಂತ ಬರೆದಿದೆ. ಮೃದು ಅಂದ ಕೂಡಲೇ ಬೋ ನಡುಗಿ, ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವಾಗ ದನಿ ಒಡೆಯುತ್ತದೆ. ಇಷ್ಟೂ ಒಂದೆರಡು ಸಾಲಿನಲ್ಲಿ.

ಅದೇ ಸಿಂಫನಿಯ ಮೂರನೇ ಮೂವ್‌ಮೆಂಟ್ ನಡುವೆ ಟ್ರಿಯೊ ಅಂತ ಒಂದು ಭಾಗ ಇದೆ. ಚೆಲ್ಲೊ, ಡಬಲ್ ಬಾಸ್ ಕಲಿಯುವವರಿಗೆ ಇದು ತಪ್ಪಿದ್ದಲ್ಲ. ಅವರೇ ಮೊದಲು ನುಗ್ಗುತ್ತಾರೆ, ಹಿಂದೆಯೇ ವಿಯೋಲಾ, ಎರಡನೇ ವಯಲಿನ್, ಮೊದಲ ವಯಲಿನ್ ಒಬ್ಬರಾದ ಮೇಲೊಬ್ಬರು ಅದೇ ಮಾತನ್ನು ಎತ್ತಿಕೊಳ್ಳುತ್ತಾರೆ. ವೇಗ ಇದೆ, ಬೆರಳಿಗೆ ಕೆಲಸ ಇದೆ, ಎಲ್ಲರೂ ಅದನ್ನೇ ಉಜ್ಜುತ್ತಾರೆ. ಆದರೆ ಎರಡನೇ ಅರ್ಧದ ಶುರುವಿನಲ್ಲಿ ಬಾಸ್‌ಗಳು ಹೊರಡುತ್ತವೆ, ನಿಲ್ಲುತ್ತವೆ, ಮತ್ತೆ ಹೊರಡುತ್ತವೆ, ಮತ್ತೆ ನಿಲ್ಲುತ್ತವೆ, ಮೂರನೇ ಸಲಕ್ಕೆ ಓಡುತ್ತವೆ. ಬೀಥೋವನ್‌ನ ತಮಾಷೆ ಅದು. ಅಲ್ಲಿ ಎದುರು ಕೂತವರು ಕೇಳುವುದು ಸ್ವರವನ್ನಲ್ಲ, ನಡುವಿನ ಮೌನವನ್ನು. ಮೌನವನ್ನೂ ತಾಳದಲ್ಲಿ ಎಣಿಸಿದ್ದೀರಾ, ಇಲ್ಲ ಉಸಿರು ತೆಗೆದುಕೊಳ್ಳಲು ಸಿಕ್ಕ ಬಿಡುವು ಅಂದುಕೊಂಡಿರಾ? ಎತ್ತುಗಡೆ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ವಯಲಿನ್‌ಗೆ ಮೊಜಾರ್ಟ್ 1788ರಲ್ಲಿ ಬರೆದ 39ನೇ ಸಿಂಫನಿಯ ಕೊನೇ ಭಾಗ ಹಳೇ ಪರಿಚಯ. ಮೆಲ್ಲಗೆ, ಹಗುರವಾಗಿ, ತುಂಬಾ ಬೇಗ ಶುರುವಾಗಿ, ಇದ್ದಕ್ಕಿದ್ದಂತೆ ಇಡೀ ಆರ್ಕೆಸ್ಟ್ರಾ ಜೋರಾಗಿ ಸೇರಿಕೊಳ್ಳುತ್ತದೆ. ನೀವು ಒಬ್ಬರೇ ನುಡಿಸುತ್ತಿದ್ದರೂ ಆ ತಿರುವು ಕೇಳಿಸಬೇಕು. ಫ್ಲೂಟ್‌ಗೆ ಮೆಂಡೆಲ್‌ಸನ್‌ನ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್ ಸ್ಕೆರ್ಜೊ, ಅಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ ಎಂಬುದೇ ಪ್ರಶ್ನೆ. ಸ್ನೇರ್ ಡ್ರಮ್‌ಗೆ ರಾವೆಲ್‌ನ ಬೊಲೆರೊ, ಜೋರಾಗಿ ಬಾರಿಸುವುದು ಸುಲಭ, ಅಷ್ಟು ಮೆಲ್ಲಗೆ ಅಷ್ಟು ಹೊತ್ತು ಸಮನಾಗಿ ಬಾರಿಸುವುದು ಕಷ್ಟ.

ತುಣುಕನ್ನು ಕಲಿಯುವುದು ಹೇಗೆ? ಕೃತಿಯನ್ನು ಪೂರ್ತಿ ಕೇಳುವುದರಿಂದ ಶುರು ಮಾಡಿ, ಬರೀ ನಿಮ್ಮ ಸಾಲನ್ನಲ್ಲ. ಹಳೇ ಕೃತಿಗಳ ಸ್ಕೋರ್ (ಎಲ್ಲ ವಾದ್ಯಗಳ ಸಾಲುಗಳೂ ಇರುವ ನೋಟ್ಸ್) ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಎದುರಿಗಿಟ್ಟುಕೊಂಡು ಬೆರಳಿಟ್ಟು ಓದುತ್ತಾ ಕೇಳಿ. ನಿಮ್ಮ ಕೆಳಗೆ ಯಾರು ನುಡಿಸುತ್ತಿದ್ದಾರೆ, ರಾಗ ಯಾರ ಹತ್ತಿರ ಇದೆ, ನೀವು ಬರೀ ತಾಳ ಹಿಡಿಯುವ ಕೆಲಸದಲ್ಲಿದ್ದೀರಾ, ಇಷ್ಟು ಗೊತ್ತಿದ್ದರೆ ನುಡಿಸುವ ರೀತಿಯೇ ಬದಲಾಗುತ್ತದೆ. ಎರಡು ಮೂರು ಬೇರೆ ಬೇರೆ ಆರ್ಕೆಸ್ಟ್ರಾಗಳ ರೆಕಾರ್ಡಿಂಗ್ ಕೇಳಿ, ಒಂದನ್ನೇ ಬಾಯಿಪಾಠ ಮಾಡಬೇಡಿ. ಆಮೇಲೆ ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕಿ. ವಾದ್ಯ ಇನ್ನೂ ಪೆಟ್ಟಿಗೆಯಲ್ಲೇ ಇರಲಿ. ಹಾಡಲು ಬರದ ಲಯ ಕೈಗೂ ಬರುವುದಿಲ್ಲ. ಮೆಟ್ರೊನೋಮ್ ಅನ್ನು ಮೊದಲು ಅರ್ಧ ವೇಗಕ್ಕೆ ಇಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಅದು ಸರಿಯಾದ ಮೇಲೆ ಇನ್ನೊಂದು ಆಟ ಇದೆ: ಮೆಟ್ರೊನೋಮ್ ಬಾರ್‌ಗೆ ಒಂದೇ ಸಲ ಟಿಕ್ ಅನ್ನುವ ಹಾಗೆ ಮಾಡಿ, ಉಳಿದ ಬೀಟ್‌ಗಳನ್ನು ನೀವೇ ಹೊರಬೇಕು. ಆಮೇಲೆ ಎರಡು ಬಾರ್‌ಗೆ ಒಂದು. ಯಾಕೆಂದರೆ ಆಡಿಷನ್ ಕೋಣೆಯಲ್ಲಿ ಟಿಕ್ ಟಿಕ್ ಇರುವುದಿಲ್ಲ, ಮೆಷಿನ್ ಮೇಲೆ ಒರಗಿಕೊಂಡು ಕಲಿತವರು ಅಲ್ಲಿ ವಾಲುತ್ತಾರೆ.

ಕೊಟ್ಟ ಹಾಳೆಯಲ್ಲಿ ಬೋ ದಿಕ್ಕು ಗುರುತು ಮಾಡಿದ್ದರೆ ಹಾಗೇ ನುಡಿಸಿ. 'ನಮ್ಮ ಸರ್ ಬೇರೆ ಥರ ಹೇಳಿಕೊಟ್ಟಿದ್ದಾರೆ' ಅಂದರೆ ನಡೆಯುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಒಂದು ಗುಂಪಿನ ಬೋಗಳೆಲ್ಲ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೋಗಬೇಕು.

ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತ ಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಈ ಊರಿನಲ್ಲಿ ಅವರ ಸಂಖ್ಯೆ ದೊಡ್ಡದು. ಪಿಟೀಲಿನ ಆಕಾರದಲ್ಲೇ ಸಭಾಂಗಣ ಕಟ್ಟಿ ಚೌಡಯ್ಯನವರ ಹೆಸರಿಟ್ಟ ಊರು ನಮ್ಮದು, ಅಲ್ವಾ. ವಾದ್ಯ ಒಂದೇ. ಅದನ್ನು ಕರ್ನಾಟಕ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮದಾಗಿದೆ. ಆದರೆ ಹಿಡಿಯುವ ರೀತಿ, ಶ್ರುತಿ ಮಾಡುವ ರೀತಿ ಎರಡೂ ಬೇರೆ. ಅಲ್ಲಿ ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಕಾಲಿಗೆ ಒರಗಿಸಿ, ತಂತಿಗಳನ್ನು ಸ ಪ ಸ ಪ ಮಾಡುತ್ತಾರೆ, ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ. ಇಲ್ಲಿ ಜಿ ಡಿ ಎ ಇ, ಕುರ್ಚಿಯಲ್ಲಿ ಕೂತು ಹೆಗಲ ಮೇಲೆ, 'ಎ' ಸ್ವರ ಎಲ್ಲರಿಗೂ ಒಂದೇ, ಸಾಮಾನ್ಯವಾಗಿ 440 ಹರ್ಟ್ಜ್. ಓಬೊದವರು ಕೊಡುತ್ತಾರೆ, ಎಲ್ಲರೂ ಅದಕ್ಕೆ ಸೇರಬೇಕು. ಈ ಮಕ್ಕಳ ಕಿವಿ ಚೂಪಾಗಿರುತ್ತದೆ, ತಾಳ ರಕ್ತದಲ್ಲಿರುತ್ತದೆ, ಮಿಶ್ರ ಚಾಪು ಹಾಕಿದವರಿಗೆ ಏಳರ ಲೆಕ್ಕದ ಬಾರ್ ನೋಡಿದರೆ ಭಯವಿಲ್ಲ. ತೊಡಕಾಗುವುದು ಎರಡು ಕಡೆ. ಸ್ವರದಿಂದ ಸ್ವರಕ್ಕೆ ಜಾರುವುದು ಅವರ ಬೆರಳಿಗೆ ಸಹಜ, ಇಲ್ಲಿ ಹತ್ತು ಜನರ ದನಿ ಒಂದಾಗಬೇಕಾದರೆ ಬೆರಳು ನೇರ ಹೋಗಿ ಕೂರಬೇಕು. ಇನ್ನೊಂದು, ಕೇಳಿ ಕಲಿತು ಅಭ್ಯಾಸವಾದ್ದರಿಂದ ನೋಟ್ಸ್ ಓದುವುದು ನಿಧಾನ. ಆಡಿಷನ್ ಎರಡು ತಿಂಗಳಿದೆ ಅನ್ನುವಾಗ ಈ ಕಡೆಗೆ ಬರಲು ಹೊರಟರೆ ಮಗುವಿಗೂ ಹಿಂಸೆ, ಟೀಚರ್‌ಗೂ ಹಿಂಸೆ. ಒಂದು ವರ್ಷ ಕೊಡಿ. ಎರಡೂ ಸಂಗೀತ ಒಟ್ಟಿಗೆ ಇಟ್ಟುಕೊಂಡು ಹೋಗುವವರಿದ್ದಾರೆ, ಒಂದನ್ನು ಬಿಡಲೇಬೇಕು ಅಂತೇನಿಲ್ಲ.

ಸೈಟ್ ರೀಡಿಂಗ್ ವಿಷಯಕ್ಕೆ ಬಂದರೆ, ಇದು ಹುಟ್ಟಿನಿಂದ ಬರುವ ವಿದ್ಯೆ ಅನ್ನುವ ನಂಬಿಕೆ ಬಿಡಿ. ಎಬಿಆರ್‌ಎಸ್‌ಎಂ ಪರೀಕ್ಷೆಯಲ್ಲಿ ನೋಡಿಕೊಳ್ಳಲು ಅರ್ಧ ನಿಮಿಷ ಕೊಡುತ್ತಾರೆ. ಆಡಿಷನ್‌ನಲ್ಲೂ ಹೀಗೇ ಸ್ವಲ್ಪ ಹೊತ್ತು ಸಿಗುತ್ತದೆ ಅಂದುಕೊಳ್ಳಿ. ಆ ಹೊತ್ತನ್ನು ಮೊದಲ ಸಾಲು ಓದುತ್ತಾ ಕಳೆಯಬೇಡಿ. ಎಷ್ಟು ಶಾರ್ಪ್ ಎಷ್ಟು ಫ್ಲಾಟ್, ಬಾರ್‌ಗೆ ಎಷ್ಟು ಬೀಟ್, ನಡುವೆ ಏನಾದರೂ ಬದಲಾಗುತ್ತದೆಯಾ, ಅತಿ ಕಪ್ಪಾಗಿ ಕಾಣುವ ಜಾಗ ಯಾವುದು, ಇಷ್ಟು ನೋಡಿ. ಆ ಕಪ್ಪು ಜಾಗವನ್ನು ಯಾವ ವೇಗದಲ್ಲಿ ನುಡಿಸಲು ನಿಮ್ಮ ಕೈಲಿ ಆಗುತ್ತದೋ ಅದೇ ಇಡೀ ಪೀಸಿನ ವೇಗ. ಮನಸ್ಸಿನಲ್ಲಿ ಒಂದು ಬಾರ್ ಎಣಿಸಿ ಹೊರಡಿ. ಕಣ್ಣು ಕೈಗಿಂತ ಒಂದು ಬಾರ್ ಮುಂದಿರಲಿ. ಬಿಟ್ಟುಹೋದ ಸ್ವರ ಬಿಟ್ಟುಹೋಯಿತು. ಮನೆಯಲ್ಲಿ ದಿನಾ ಐದು ನಿಮಿಷ ಹೊಸದೇನಾದರೂ ಓದಿ ನುಡಿಸಿದರೆ ಸಾಕು, ಹೇಡನ್‌ನ ಕ್ವಾರ್ಟೆಟ್‌ಗಳ ಎರಡನೇ ವಯಲಿನ್ ಸಾಲುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಗೆಳೆಯನೊಬ್ಬ ಜೊತೆಗೆ ಇನ್ನೊಂದು ಸಾಲು ನುಡಿಸಿದರೆ ಇನ್ನೂ ಒಳ್ಳೆಯದು, ನಿಲ್ಲಿಸಲು ಅವನು ಬಿಡುವುದಿಲ್ಲ.

ಸೋಲೊ ಪೀಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ತಾನೇ ಕೈಗೆ ಬಂದಿರುವ ಕಷ್ಟದ್ದನ್ನು ಬಿಟ್ಟು, ಆರು ತಿಂಗಳ ಹಿಂದೆಯೇ ಹದವಾಗಿರುವುದನ್ನು ತನ್ನಿ. ಶ್ರುತಿ ತಪ್ಪಿದ ಬ್ರುಕ್ ಕಾನ್ಸರ್ಟೊಗಿಂತ ನೆಟ್ಟಗೆ ನುಡಿಸಿದ ವಿವಾಲ್ಡಿ ಎ ಮೈನರ್ ಯಾವತ್ತೂ ಮೇಲು. ಪೂರ್ತಿ ಕೇಳದೆ ಮಧ್ಯದಲ್ಲಿ ಸಾಕು ಅನ್ನುತ್ತಾರೆ. ಹೊರಗೆ ಬಂದು ಅಳುವ ಮಕ್ಕಳಿದ್ದಾರೆ. ಸಾಕು ಅಂದರೆ ಬೇಕಾದದ್ದು ಕೇಳಿಸಿತು ಅಂತ ಅರ್ಥ, ಹೊರಗೆ ಇನ್ನೂ ಮೂವತ್ತು ಮಕ್ಕಳು ಕಾಯುತ್ತಿರುತ್ತಾರೆ.

ಇನ್ನೊಂದು ವಿಷಯಕ್ಕೆ ಯಾರೂ ತಯಾರಿ ಮಾಡಿಕೊಂಡು ಬರುವುದಿಲ್ಲ. ಒಂದು ತುಣುಕು ಮುಗಿದ ಮೇಲೆ ಎದುರಿನವರು, 'ಚೆನ್ನಾಗಿತ್ತು, ಇನ್ನೊಂದು ಸಲ ಸ್ವಲ್ಪ ಮೆಲ್ಲಗೆ, ಬೋ ತುದಿಯಲ್ಲಿ ನುಡಿಸುತ್ತೀಯಾ?' ಅನ್ನುತ್ತಾರೆ. ಮಗು ಗಾಬರಿಯಾಗಿ ತಲೆಯಾಡಿಸಿ, ಮೊದಲಿನ ಹಾಗೇ ಮತ್ತೆ ನುಡಿಸುತ್ತದೆ. ಸೀಟು ಕೈತಪ್ಪುವುದು ಇಲ್ಲಿ. ಕೇಳಿದ್ದು ತಪ್ಪು ತೋರಿಸಲು ಅಲ್ಲ. ರಿಹರ್ಸಲ್‌ನಲ್ಲಿ ಕಂಡಕ್ಟರ್ ಗಂಟೆಗೆ ಹತ್ತಾರು ಸಲ ಹೀಗೇ ಹೇಳುತ್ತಿರುತ್ತಾರೆ, ಹೇಳಿದ ಕೂಡಲೇ ಬದಲಾಯಿಸುವವರು ಬೇಕು. ಪೂರ್ತಿ ಸರಿಯಾಗದಿದ್ದರೂ ಪರವಾಗಿಲ್ಲ, ಬದಲಾವಣೆ ಕೇಳಿಸಬೇಕು. ಮನೆಯಲ್ಲಿ ಅಕ್ಕನನ್ನೋ ಅಣ್ಣನನ್ನೋ ಕೂರಿಸಿಕೊಂಡು, ಬಾಯಿಗೆ ಬಂದದ್ದನ್ನು ಹೇಳಲು ಬಿಡಿ: ನಿಧಾನಕ್ಕೆ, ಜೋರಾಗಿ, ಸ್ವರಗಳನ್ನು ಬಿಡಿಸಿ ಬಿಡಿಸಿ. ಸಂಗೀತ ಗೊತ್ತಿಲ್ಲದವರು ಹೇಳಿದರೂ ಅಭ್ಯಾಸ ಆಗುತ್ತದೆ.

ಕೆಲವು ಕಡೆ, ಮುಖ್ಯವಾಗಿ ಹೊರದೇಶದ ಬೇಸಿಗೆ ಶಿಬಿರಗಳಿಗೆ, ವಿಡಿಯೊ ಕಳಿಸಬೇಕು. ಕತ್ತರಿಸಿ ಅಂಟಿಸಬೇಡಿ, ಒಂದೇ ಟೇಕ್ ಇರಲಿ, ಕೈ ಮತ್ತು ಮುಖ ಎರಡೂ ಕಾಣಲಿ. ಫೋನ್ ತಾನಾಗಿಯೇ ಜೋರು ದನಿಯನ್ನು ತಗ್ಗಿಸಿ ಮೆಲುದನಿಯನ್ನು ಏರಿಸಿಬಿಡುತ್ತದೆ, ನೀವು ಕಷ್ಟಪಟ್ಟು ತಂದ ವ್ಯತ್ಯಾಸವೆಲ್ಲ ಸಪಾಟು. ಫೋನನ್ನು ಸ್ವಲ್ಪ ದೂರ ಇಡಿ, ಸೆಟ್ಟಿಂಗ್ ಇದ್ದರೆ ಅದನ್ನು ಆಫ್ ಮಾಡಿ. ಕುಕ್ಕರ್ ಕೂಗದ ಹೊತ್ತು ನೋಡಿಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿರುವ ಮಕ್ಕಳ ಕಷ್ಟ ಇನ್ನೊಂದು. ಪಕ್ಕದವರಿಗೆ ತೊಂದರೆಯಾಗದಿರಲಿ ಅಂತ ದನಿ ತಗ್ಗಿಸುವ ರಬ್ಬರ್ ಮ್ಯೂಟ್ ಹಾಕಿಕೊಂಡೇ ವರ್ಷವಿಡೀ ನುಡಿಸುತ್ತಾರೆ. ಬೆರಳಿಗೆ ಅಭ್ಯಾಸವಾಗುತ್ತದೆ, ಬಲಗೈ ಮಾತ್ರ ಕಲಿಯುವುದೇ ಇಲ್ಲ, ಮ್ಯೂಟ್ ತೆಗೆದ ದಿನ ಸ್ವಂತ ದನಿಗೇ ಬೆಚ್ಚುತ್ತಾರೆ. ವಾರಕ್ಕೆ ಕೆಲವು ದಿನವಾದರೂ ಶಾಲೆಯ ಖಾಲಿ ಕ್ಲಾಸಿನಲ್ಲೋ ಟೀಚರ್ ಮನೆಯಲ್ಲೋ ದೊಡ್ಡ ದನಿಯಲ್ಲಿ ನುಡಿಸಲೇಬೇಕು.

ಹೊಸ ತಂತಿ ಹಾಕುವುದಿದ್ದರೆ ಒಂದೆರಡು ವಾರ ಮುಂಚೆಯೇ ಹಾಕಿ, ಎಳೆದುಕೊಂಡು ಒಂದು ಸ್ಥಿತಿಗೆ ಬರಲು ಅದಕ್ಕೆ ಸಮಯ ಬೇಕು. ಮಳೆಗಾಲದ ತೇವಕ್ಕೆ ಮರ ಹಿಗ್ಗುತ್ತದೆ, ಡಿಸೆಂಬರ್ ಜನವರಿಯ ಒಣ ಗಾಳಿಗೆ ಕುಗ್ಗುತ್ತದೆ, ಬಿರಟೆಗಳು ಬಿಗಿಯಾಗುವುದೂ ಜಾರುವುದೂ ಇದರಿಂದಲೇ. ಬಿಸಿಲಲ್ಲಿ ಬಂದು ಏಸಿ ಕೋಣೆಗೆ ಹೋದರೆ ಶ್ರುತಿ ಹೋಯಿತು ಅಂತಲೇ ತಿಳಿಯಿರಿ, ನುಡಿಸುವ ಮುಂಚೆ ಧೈರ್ಯವಾಗಿ ಇನ್ನೊಮ್ಮೆ ಶ್ರುತಿ ಮಾಡಿಕೊಳ್ಳಿ, ಯಾರೂ ಬೈಯುವುದಿಲ್ಲ. ವೈಟ್‌ಫೀಲ್ಡ್‌ನಿಂದ ಮಲ್ಲೇಶ್ವರಕ್ಕೆ ಬರುವವರು ಮ್ಯಾಪ್ ತೋರಿಸುವ ಸಮಯ ನಂಬಿ ಹೊರಡಬೇಡಿ. ಚೆಲ್ಲೊ ಇದ್ದರಂತೂ ಆಟೊದವರ ಜೊತೆ ಚೌಕಾಸಿಗೂ ಸಮಯ ಬೇಕು. ಇನ್ನು ದಾರಿಯಲ್ಲಿ ಅಪ್ಪ ಅಮ್ಮ ದಯವಿಟ್ಟು 'ಆ ಜಾಗ ಮತ್ತೆ ತಪ್ಪಬೇಡ' ಅಂತ ನೆನಪಿಸಬಾರದು. ತಿಂಡಿ ತಿನ್ನಿಸಿ, ಸುಮ್ಮನಿರಿ.

ಅರ್ಜಿ ಹಾಕುವ ಮುಂಚೆಯೇ ರಿಹರ್ಸಲ್ ದಿನಗಳ ಪಟ್ಟಿ ಕೇಳಿ, ಶಾಲೆಯ ಪರೀಕ್ಷೆ, ಟ್ಯೂಷನ್, ಊರಿನ ಮದುವೆ ಎಲ್ಲದರ ಪಕ್ಕ ಇಟ್ಟು ನೋಡಿ. ಸೀಟು ಸಿಕ್ಕಿ ಅರ್ಧ ರಿಹರ್ಸಲ್ ತಪ್ಪಿಸುವವರಿಗಿಂತ ಮುಂದಿನ ವರ್ಷ ಬರುತ್ತೇನೆ ಅನ್ನುವವರೇ ಆರ್ಕೆಸ್ಟ್ರಾಗೆ ಇಷ್ಟ. ಎರಡನೇ ವಯಲಿನ್‌ನ ಹಿಂದಿನ ಸಾಲಿನಲ್ಲಿ ಕೂರಿಸಿದರೆ ಒಪ್ಪಿಕೊಳ್ಳಿ, ಅಲ್ಲಿ ಕಲಿಯುವುದು ಜಾಸ್ತಿ. ಸಿಗದಿದ್ದರೆ ಏನು ಕಡಿಮೆಯಾಯಿತು ಅಂತ ಮರ್ಯಾದೆಯಿಂದ ಕೇಳಿ, ಬಹಳ ಜನ ಹೇಳುತ್ತಾರೆ. ಸಿಕ್ಕರೆ ಮೊದಲ ರಿಹರ್ಸಲ್‌ಗೆ ಮೆತ್ತನೆ ಪೆನ್ಸಿಲ್, ರಬ್ಬರ್ ಎರಡನ್ನೂ ತನ್ನಿ. ಬೋ ದಿಕ್ಕನ್ನು ಆ ದಿನವೇ ಮೂರು ಸಲ ಬದಲಾಯಿಸುತ್ತಾರೆ, ಪೆನ್ನಲ್ಲಿ ಬರೆದರೆ ನೋಟ್ಸ್ ಕೊಡುವ ಲೈಬ್ರರಿಯವರ ಹತ್ತಿರ ಬೈಸಿಕೊಳ್ಳುವುದು ನೀವೇ.